ಒರಿಜಿನಲ್ ನಟ್ಟು

ಇಪ್ಪತ್ತು ನಟ್ಟುಗಳು ನಾಲ್ಕು ದಿನದಿಂದ ಅವಳ ತಲೆಯೊಳಗೆ ಗಲಗಲ ಅನ್ನುತ್ತಿದ್ದವು. ಮಗಳ ಬಾಯಿಗೆ ತುತ್ತಿಡುವಾಗ, ಬಚ್ಚಲ ನಲ್ಲಿ ತಿರುಗಿಸುವಾಗ, ಅಂಗಡಿಯ ಷಟರ್ ಎತ್ತುವಾಗ ಒಂದೇ ಪ್ರಶ್ನೆ: ಆ ಮನುಷ್ಯ ಕೊನೆಗೆ ಯಾವ ನಟ್ಟು ಹಾಕಿಕೊಂಡ?

ಚಿಂತೆ ಅವಳಿಗೆ ಹೊಸದಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸ್ ಬರುವವಳು ಅವಳು. ಬೀಗ ಹಾಕಿ, ಎಳೆದು ನೋಡಿ, ನಾಲ್ಕು ಹೆಜ್ಜೆ ನಡೆದು, ಮತ್ತೆ ಬಂದು ಎಳೆದು ನೋಡುವವಳು. ಮಗು ಎರಡು ಸಲ ಕೆಮ್ಮಿದರೆ ಮೂರನೆಯದಕ್ಕೆ ಕಾಯುತ್ತಿರಲಿಲ್ಲ. "ಚಿಂತೆಗೂ ಚಿತೆಗೂ ಒಂದೇ ಸೊನ್ನೆ ವ್ಯತ್ಯಾಸ ಕಣೇ" ಎಂದು ತಾಯಿ ಒಮ್ಮೆ ಫೋನಿನಲ್ಲಿ ಹೇಳಿದಾಗ, "ಆ ಸೊನ್ನೆ ಸರಿಯಾದ ಜಾಗದಲ್ಲಿದೆಯಾ ಅಂತ ನೋಡಿದ್ಯಾಮ್ಮ?" ಎಂದು ಕೇಳಿದ್ದಳು.

ಆದರೆ ಆ ಚಿಂತೆಗಳಿಗೆಲ್ಲ ಮದ್ದಿತ್ತು. ಹೋಗಿ ನೋಡಿದರೆ ಗ್ಯಾಸ್ ಆರಿರುತ್ತಿತ್ತು, ಬೀಗ ಬಿದ್ದಿರುತ್ತಿತ್ತು. ಇದನ್ನು ಹೋಗಿ ನೋಡುವಂತಿರಲಿಲ್ಲ. ಒಬ್ಬನಿಗೆ ಫೋನ್ ಮಾಡಿ ಕೇಳಬೇಕಿತ್ತು. ಅವನಿಗೆ ಫೋನ್ ಮಾಡುವುದಕ್ಕಿಂತ ಒಂದು ಹಿಡಿ ಮಣ್ಣು ತಿನ್ನುವುದು ವಾಸಿ ಅನ್ನಿಸಿತ್ತು ಅವಳಿಗೆ.

ಅಂಗಡಿಯ ಮುಂಭಾಗ ಮಾವನದು. ಟೈರು, ಪಂಕ್ಚರು, ಗಾಳಿ. ಹಿಂದಿನ ಉದ್ದನೆಯ ಇಕ್ಕಟ್ಟು ಕೋಣೆ ಅವಳದು. ಅಲ್ಲಿ ಗೋಡೆಯುದ್ದಕ್ಕೂ ಹಳೆಯ ಅಲಾಯ್ ರಿಮ್ಮುಗಳು, ಒಂದರ ಮೇಲೊಂದು, ನಡುವೆ ಹಳೇ ಟವೆಲ್ಲಿನ ತುಂಡುಗಳು. ಎಲ್ಲವೂ ಜಪಾನಿನ ಓಟದ ಕಾರುಗಳಿಗೆ ಒಪ್ಪುವಂಥವು. ಆದರೆ ಕಾರಿನ ಜೊತೆ ಬಂದವಲ್ಲ. ಬೇರೆಯವರು ಬೇರೆ ಕಡೆ ಎರಕ ಹೊಯ್ದು, ಬಡಿದು, ಹಗುರ ಮಾಡಿ ಮಾರಿದವು. ಹೊಸದು ಕೈಗೆಟುಕುವುದಿಲ್ಲ, ಕೆಲವು ಈಗ ತಯಾರಾಗುವುದೇ ಇಲ್ಲ. ಹಾಗಾಗಿ ಹಳೆಯದನ್ನು ಹುಡುಕಬೇಕು. ಹುಡುಕಿದ ಮೇಲೆ ಕೂರುತ್ತದೋ ಇಲ್ಲವೋ ನೋಡಬೇಕು. ಅದು ಅವಳ ಕೆಲಸ.

ಮದುವೆಗೆ ಮುಂಚೆ ಆರು ವರ್ಷ ಅವಳು ಒಂದು ದೊಡ್ಡ ಷೋರೂಮಿನ ಬಿಡಿಭಾಗಗಳ ಕೌಂಟರಿನಲ್ಲಿ ನಿಂತಿದ್ದಳು. ಕೈಪಿಡಿಯ ಅಂಕಿಗಳು ಅವಳಿಗೆ ಮಗ್ಗಿಯ ಹಾಗೆ ಬಾಯಿಪಾಠ. ಮದುವೆಯಾಗಿ ಒಂದು ತಿಂಗಳಿಗೆ, ಊಟದ ಡಬ್ಬಿ ಕೊಡಲು ಅಂಗಡಿಗೆ ಬಂದವಳು, ಮಾವ ಒಬ್ಬ ತರುಣನಿಗೆ ಐದು ತೂತಿನ ರಿಮ್ಮು ತೋರಿಸುತ್ತಿದ್ದುದನ್ನು ಕಂಡಳು. ಕಣ್ಣಿಗೆ ಏನೋ ಹೊಂದಲಿಲ್ಲ. ಡಬ್ಬಿ ಕೆಳಗಿಟ್ಟು, ಅಳತೆಗೋಲು ತೆಗೆದು ತೂತುಗಳ ಅಂತರ ಅಳೆದಳು.

"ಮಾವ, ಇದು ನೂರ ಹನ್ನೆರಡು. ಇವರ ಕಾರಿಗೆ ಬೇಕಿರೋದು ನೂರ ಹದಿನಾಲ್ಕು ಪಾಯಿಂಟ್ ಮೂರು."

"ಐದು ತೂತು, ಐದು ಬೋಲ್ಟು. ಇನ್ನೇನಮ್ಮ ಬೇಕು?"

"ಎರಡು ಚಿಲ್ಲರೆ ಮಿಲಿಮೀಟರ್ ವ್ಯತ್ಯಾಸ ಇದೆ."

"ಎರಡು ಮಿಲಿಮೀಟರ್! ಸೊಳ್ಳೆ ಕಾಲಿನಷ್ಟು! ಬಿಗಿದ್ರೆ ತಾನಾಗೇ ಎಳ್ಕೊಳ್ಳುತ್ತೆ."

"ಎಳ್ಕೊಂಡಿದ್ದು ಒಂದಿನ ಬಿಟ್ಕೊಳ್ಳುತ್ತೆ, ಮಾವ."

ತರುಣ ಇಬ್ಬರ ಮುಖವನ್ನೂ ನೋಡಿ, ರಿಮ್ಮನ್ನು ಅಲ್ಲೇ ಬಿಟ್ಟು ಹೋದ. ಅಂದಿನಿಂದ ಮಾವ ಅವಳೊಡನೆ ನೇರವಾಗಿ ಮಾತಾಡುವುದನ್ನು ನಿಲ್ಲಿಸಿದರು. ಮೊದಮೊದಲು ಗೋಡೆಯ ಗಡಿಯಾರಕ್ಕೆ ಹೇಳುತ್ತಿದ್ದರು: "ಏನಪ್ಪಾ, ಸೊಳ್ಳೆ ಕಾಲಮ್ಮ ಇವತ್ತು ಎಷ್ಟು ಗಂಟೆಗೆ ಬಂದ್ಲು?" ಮಗು ಹುಟ್ಟಿದ ಮೇಲೆ ಗಡಿಯಾರಕ್ಕೆ ಬಿಡುವು ಸಿಕ್ಕಿತು. ಈಗ ಎರಡು ವರ್ಷದ ಮೊಮ್ಮಗಳು ದೊಡ್ಡ ಟೈರೊಂದರ ನಡುವೆ ದಿಂಬಿನ ಮೇಲೆ ಕೂತಿರುತ್ತಿದ್ದಳು. ಮಾವ ಅವಳಿಗೆ, "ಪುಟ್ಟೀ, ನಿಮ್ಮಮ್ಮನಿಗೆ ಹೇಳು, ಲೈಟ್ ದಂಡವಾಗಿ ಉರೀತಿದೆ ಅಂತ" ಎನ್ನುವರು. ಪುಟ್ಟಿ ಅಮ್ಮನತ್ತ ತಿರುಗಿ ಗಂಭೀರವಾಗಿ, "ಹೇಳು!" ಎನ್ನುವಳು. ಗಂಡ ದೂರದೂರಿಗೆ ಸರಕು ಲಾರಿ ಓಡಿಸುವವನು. ಅಪ್ಪನ ಮತ್ತು ಹೆಂಡತಿಯ ಜಗಳದ ಸುದ್ದಿ ತೆಗೆದ ಕ್ಷಣ ಅವನ ಫೋನಿಗೆ ಸಿಗ್ನಲ್ ಹೋಗಿಬಿಡುತ್ತಿತ್ತು.

ಆ ತರುಣ ಮಾತ್ರ ಸುಮ್ಮನಿರಲಿಲ್ಲ. ಅಲ್ಲೊಬ್ಬಳು ಅಳೆದು ಕೊಡುತ್ತಾಳೆ ಎಂದು ನಾಲ್ಕು ಜನಕ್ಕೆ ಹೇಳಿದ. ಹಾಗೆ ಬಂದವರೇ ಅವಳಿಗೆ ಅಳತೆಯಕ್ಕ ಎಂದು ಹೆಸರಿಟ್ಟರು. ಮಾರುವವರೆಲ್ಲ ರಿಮ್ಮಿನ ಮುಖದ ಫೋಟೋ ಕಳಿಸಿದರೆ, ಅವಳು "ಬೆನ್ನು ತೋರಿಸಿ" ಎನ್ನುವಳು. ಅಗಲ, ಒಳಗೆ ಎಷ್ಟು ಕೂರುತ್ತದೆ, ಯಾವ ತಿಂಗಳ ಎರಕ, ಎಲ್ಲ ಬರೆದಿರುವುದು ಬೆನ್ನ ಮೇಲೆ. ಬಣ್ಣ ಬಳಿದು ಮುಚ್ಚಿದ ಬಿರುಕು ಕಾಣುವುದೂ ಅಲ್ಲೇ. ಆಮೇಲೆ ರಿಮ್ಮನ್ನು ಹಗ್ಗಕ್ಕೆ ತೂಗುಹಾಕಿ, ಮನೆಯಿಂದ ತಂದಿಟ್ಟುಕೊಂಡ ಲಟ್ಟಣಿಗೆಯಲ್ಲಿ ಬಡಿಯುವಳು. ಗಟ್ಟಿ ರಿಮ್ಮು ಟಣ್ಣೆಂದು ಸದ್ದು ಎಳೆಯುತ್ತದೆ. ಬಿರುಕು ಬಿಟ್ಟದ್ದು ಒಡಕು ಮಡಕೆಯ ಹಾಗೆ ಟಪ್ಪೆಂದು ನಿಲ್ಲುತ್ತದೆ. "ಪುಟ್ಟೀ, ಅಡಿಗೆಮನೆ ಸಾಮಾನೆಲ್ಲ ಇಲ್ಲಿಗೆ ಬಂತು. ಇನ್ನು ಒಲೆಯೊಂದು ಬಾಕಿ" ಎನ್ನುವರು ಮಾವ. ತಾವು ಬಣ್ಣ ಬಳಿದಿಟ್ಟ ಮೂರು ಜೊತೆ ರಿಮ್ಮುಗಳನ್ನು ಸೊಸೆ ಬಡಿದು ನೋಡಿ ಗುಜರಿಗೆ ಹಾಕಿದ್ದನ್ನು ಅವರು ಇನ್ನೂ ಜೀರ್ಣಿಸಿಕೊಂಡಿರಲಿಲ್ಲ.

ಇಂಥ ಅಂಗಡಿಗೆ ಮೂರು ತಿಂಗಳ ಹಿಂದೆ ಬಂದವನು ಆ ಮನುಷ್ಯ. ನಲವತ್ತರ ಆಸುಪಾಸು. ಎರಡೇ ಬಾಗಿಲಿನ ಹಳೆಯ ಕೆಂಪು ಜಪಾನೀ ಕಾರು. ಅದರಲ್ಲಿ ಎಲ್ಲವೂ ಒರಿಜಿನಲ್. ಸೀಟು ಒರಿಜಿನಲ್, ಕಾಲೊರಸು ಒರಿಜಿನಲ್, ಹಿಂದಿನ ಗಾಜಿಗೆ ಕಾರ್ಖಾನೆಯವರು ಅಂಟಿಸಿದ ಚೀಟಿಯೂ ಒರಿಜಿನಲ್. ಮಾತಿಗೊಮ್ಮೆ ಒರಿಜಿನಲ್ ಅನ್ನುತ್ತಿದ್ದ. ಅವಳು ಮನಸ್ಸಿನಲ್ಲೇ ಒರಿಜಿನಲ್ ಸಾರ್ ಎಂದು ಹೆಸರಿಟ್ಟಳು.

"ಒರಿಜಿನಲ್ ರಿಮ್ ಇದೆಯಲ್ಲ ಸರ್, ಮತ್ಯಾಕೆ ಬೇರೆ?"

"ಅದು ಭಾರ. ನಂಗೆ ಈ ಡಿಸೈನೇ ಬೇಕು." ಹಳೇ ಪತ್ರಿಕೆಯಿಂದ ಕತ್ತರಿಸಿದ ಚಿತ್ರವೊಂದನ್ನು ಮುಂದೆ ಹಿಡಿದ. ಕಂಚಿನ ಬಣ್ಣ, ಐದು ಕಡ್ಡಿ. "ಅದೂ ಒರಿಜಿನಲ್ ಇರಬೇಕು. ನಕಲು ತೋರಿಸಿದ್ರೆ ನೆಟ್ಟಗಿರಲ್ಲ, ಈಗಲೇ ಹೇಳಿದೀನಿ."

ಅವಳು ಹುಡುಕಿದಳು. ಒಂದು ಜೊತೆ ಸಿಕ್ಕಿತು, ನಕಲು. ಇನ್ನೊಂದು ಸಿಕ್ಕಿತು, ಎರಡು ಮುಂದಿನದು, ಎರಡು ಹಿಂದಿನದು, ಅಗಲ ಬೇರೆ. ಮತ್ತೊಂದು ಟಪ್ಪೆಂದಿತು. ಕೊನೆಗೆ ಒಬ್ಬ ಹಲ್ಲಿನ ಡಾಕ್ಟರ ಮನೆಯ ಹಿಂದಿನ ಷೆಡ್ಡಿನಲ್ಲಿ, ಹರಿದ ಟಾರ್ಪಾಲಿನ ಅಡಿಯಲ್ಲಿ, ನಾಲ್ಕೂ ಸಿಕ್ಕವು. ಒಂದೇ ತಿಂಗಳ ಎರಕ, ಒಂದೇ ಅಳತೆ, ನಾಲ್ಕೂ ಒಂದೇ ತಾಯಿಯ ಮಕ್ಕಳು. ಪುಟ್ಟಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಅವಳು ಅಲ್ಲೇ ಲಟ್ಟಣಿಗೆ ಬಡಿದಳು. ಟಣ್ಣ್ ಎಂದದ್ದು ಷೆಡ್ಡಿನ ತಗಡಿಗೆ ತಾಗಿ ವಾಪಸ್ ಬಂತು. ಅಂಥ ಸದ್ದನ್ನು ಅವಳು ವರ್ಷದಲ್ಲಿ ಒಮ್ಮೆಯೋ ಎರಡು ಸಲವೋ ಕೇಳಿದ್ದಳು.

ಅಷ್ಟು ಸಂತೋಷದಲ್ಲಿ ಫೋನ್ ಮಾಡಿ ಕರೆದರೆ, ಒರಿಜಿನಲ್ ಸಾರ್ ಬಂದು ಅವಳನ್ನು ನೋಡಲೇ ಇಲ್ಲ. ಜೇಬಿನಿಂದ ಭೂತಗನ್ನಡಿ ತೆಗೆದು ರಿಮ್ಮಿನ ಅಂಚು ನೋಡಿದ, ಉಗುರಿನಲ್ಲಿ ಕೆರೆದ, ಮೂಸಿದ.

"ಇದು ಒರಿಜಿನಲ್ ಅಂತ ಏನು ಗ್ಯಾರಂಟಿ?"

"ಬೆನ್ನಲ್ಲಿ ಅಂಕಿ ಇದೆ ಸರ್, ನೋಡಿ. ತಿಂಗಳು ಕೂಡ—"

"ನಿನ್ನ ಕೇಳ್ಲಿಲ್ಲಮ್ಮ. ಗಂಡಸರು ಯಾರಾದ್ರೂ ಇದಾರಾ ಇಲ್ಲಿ, ಮಾತಾಡೋಕೆ?"

ಮುಂದಿನ ಕೋಣೆಯಿಂದ ಮಾವ, "ಗಂಡಸು ಇದಾನೆ ಸ್ವಾಮಿ, ಅವನ ಮಾತು ನಡೆಯಲ್ಲ ಅಷ್ಟೆ" ಎಂದರು.

"ಅಲ್ಲಾ ರೀ ಯಜಮಾನ್ರೇ, ಮಗೂನ ಸೊಂಟದ ಮೇಲಿಟ್ಕೊಂಡು ರಿಮ್ ಮಾರ್ತಾಳಲ್ಲ! ನಾಳೆ ಎರಡು ರಿಮ್ಮಿಗೆ ಒಂದು ಹಾಲಿನ ಬಾಟ್ಲಿ ಫ್ರೀ ಅಂತ ಬೋರ್ಡ್ ಹಾಕ್ತಾಳೇನೋ!"

ಮಾವ ನಕ್ಕರು. ಸುಮ್ಮನೆ ನಗಲಿಲ್ಲ, ತೊಡೆ ತಟ್ಟಿಕೊಂಡು ನಕ್ಕರು. ಗಿರಾಕಿಯ ಮಾತು ಚುಚ್ಚಿತು. ಮನೆಯವರ ನಗು ಅದೇ ಗಾಯಕ್ಕೆ ಉಪ್ಪು ಸವರಿತು.

ಆಗ ಅವಳ ಕೈಯಲ್ಲಿ ತಗಡಿನ ಡಬ್ಬಿಯಿತ್ತು. ಅದರಲ್ಲಿ ಇಪ್ಪತ್ತು ನಟ್ಟುಗಳು. ಕಪ್ಪು, ಉದ್ದನೆಯವು, ಚೂಪು ಮೂತಿಯವು.

"ಅದೇನು ಡಬ್ಬಿ? ನಟ್ಟಾ? ಬೇಡ. ನನ್ನ ಹತ್ರ ಒರಿಜಿನಲ್ ಇದೆ. ಕಂಪನಿ ನಟ್ಟು. ಫಿಟಿಂಗೂ ನಾನೇ ಮಾಡ್ಕೊಳ್ತೀನಿ. ನಿಮ್ಮ ಗುಜರಿ ನನ್ನ ಕಾರಿಗೆ ತಾಗೋದೇ ಬೇಡ."

ಆ ಮಾತಿನಲ್ಲಿ ಏನಿದೆ ಎಂಬುದು ಅವಳಿಗೆ ತಕ್ಷಣ ಗೊತ್ತಾಯಿತು. ಅವನ ಕಾರಿನ ಒರಿಜಿನಲ್ ನಟ್ಟಿನ ಮೂತಿ ಗುಂಡಗಿರುತ್ತದೆ. ಕಾರ್ಖಾನೆಯ ರಿಮ್ಮಿನಲ್ಲಿ ಅದಕ್ಕೆ ತಕ್ಕ ಗುಂಡು ಗುಳಿ. ಹೊರಗಿನ ಈ ರಿಮ್ಮಿನ ಗುಳಿ ಲಾಳಿಕೆಯ ಹಾಗೆ ಇಳಿಜಾರು. ಅದಕ್ಕೆ ಚೂಪು ಮೂತಿಯೇ ಬೇಕು. ಲಾಳಿಕೆಯಲ್ಲಿ ಗೋಲಿ ಇಟ್ಟರೆ ಕೂತ ಹಾಗೇ ಕಾಣುತ್ತದೆ, ಆದರೆ ತಾಗಿರುವುದು ಒಂದು ಗೆರೆಯಷ್ಟು. ಸ್ಪಾನರಿನಲ್ಲಿ ಬಿಗಿದರೆ ಬಿಗಿದ ಹಾಗೇ ಇರುತ್ತದೆ. ಆಮೇಲೆ ಹಳ್ಳ ದಿಣ್ಣೆ ಹತ್ತಿ ಇಳಿದಂತೆ ಒಂದೊಂದೇ ಸಡಿಲ. ಒರಿಜಿನಲ್ ಅನ್ನುವುದೇ ಇಲ್ಲಿ ತಪ್ಪು ನಟ್ಟು.

ಹೇಳಲು ಬಾಯಿ ತೆರೆದಳು. ಮಾವನ ನಗು ಇನ್ನೂ ನಿಂತಿರಲಿಲ್ಲ. ಬಾಯಿ ಮುಚ್ಚಿದಳು, ಡಬ್ಬಿಯ ಮುಚ್ಚಳವನ್ನೂ ಮುಚ್ಚಿದಳು.

"ಸರಿ ಸರ್. ನಿಮ್ಮಿಷ್ಟ."

ಅವನು ರಿಮ್ಮುಗಳನ್ನು ಒಂದೊಂದಾಗಿ ಹಿಂದಿನ ಸೀಟಿಗೆ ಸಾಗಿಸುವಾಗ ಅವಳು ಬಾಗಿಲಲ್ಲಿ ನಿಂತಿದ್ದಳು. ಜಾಗ ಮಾಡಲೆಂದು ಅವನು ಒಳಗಿನಿಂದ ಮಗುವಿನ ಸೀಟೊಂದನ್ನು ಎತ್ತಿ ಮುಂದೆ ಹಾಕಿದ. ಹಳದಿ ಪಟ್ಟಿಯ, ಬಿಸ್ಕತ್ತಿನ ಪುಡಿ ಅಂಟಿದ ಸೀಟು. ಅದೊಂದು ಒರಿಜಿನಲ್ ಅಲ್ಲ ಎಂದು ಅವಳಿಗೆ ಆಗ ವ್ಯಂಗ್ಯವಾಗಿ ಹೊಳೆದಿತ್ತು. ಈಗ ನಾಲ್ಕು ದಿನದಿಂದ ಆ ಬಿಸ್ಕತ್ತಿನ ಪುಡಿಯೇ ಕಣ್ಣಿಗೆ ಕಟ್ಟುತ್ತಿತ್ತು.

ಮೊದಲ ದಿನ ಸಿಟ್ಟಿನ ಬಲವಿತ್ತು. ಅಷ್ಟೆಲ್ಲ ಗೊತ್ತಿರುವವನಿಗೆ ಇಷ್ಟು ಗೊತ್ತಿಲ್ಲವೇ? ಎರಡನೆಯ ದಿನ "ನಮಸ್ಕಾರ ಸರ್" ಎಂದು ಸಂದೇಶ ಬರೆದು ಅಳಿಸಿದಳು. ಮೂರನೆಯ ದಿನ "ಸರ್, ಒಂದು ಮಾತು" ಎಂದು ಬರೆದು ಅದನ್ನೂ ಅಳಿಸಿದಳು. ಏನೆಂದು ಹೇಳುವುದು? ಗೊತ್ತಿರಲಿಲ್ಲ ಎಂದರೆ ಸುಳ್ಳು. ಗೊತ್ತಿತ್ತು ಎಂದರೆ ಮುಂದಿನ ಮಾತಿಗೆ ಜಾಗವೇ ಇಲ್ಲ.

ನಾಲ್ಕನೆಯ ದಿನ, ಶನಿವಾರ, ಮಾವ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಿದ್ದಾಗ ಅವಳೇ ಹೋಗಿ ಎದುರು ನಿಂತಳು.

"ಮಾವ, ಆ ಕೆಂಪು ಕಾರಿನವರು ಗುಂಡು ಮೂತಿ ನಟ್ಟು ಹಾಕ್ಕೊಂಡಿರ್ತಾರೆ."

ಮಾವ ತೊಟ್ಟಿಯಿಂದ ತಲೆ ಎತ್ತಲಿಲ್ಲ. "ಪುಟ್ಟೀ, ನಿಮ್ಮಮ್ಮನಿಗೆ ಹೇಳು. ಮಾರಿದ ಮೇಲೆ ಅವನ ರಿಮ್ಮು, ಅವನ ರಸ್ತೆ, ಅವನ ಹಣೆಬರಹ."

"ಹೇಳು!" ಎಂದಳು ಪುಟ್ಟಿ ಟೈರಿನೊಳಗಿಂದ.

"ಫೋನ್ ಮಾಡಿ ಹೇಳ್ಬಿಡ್ಲಾ ಅಂತ."

"ಹೇಳ್ಲಿ, ಹೇಳ್ಲಿ. ಅವನು ರಿಮ್ಮು ತಂದು ಮುಖಕ್ಕೆ ಎಸೀತಾನೆ. ಹಿಡ್ಕೊಳ್ಳೋಕೆ ನಿಮ್ಮಮ್ಮನ್ನೇ ನಿಲ್ಸು, ಪುಟ್ಟಿ." ಆಮೇಲೆ ಟ್ಯೂಬನ್ನು ತಿರುವಿ, ಗುಳ್ಳೆ ಬಂದ ಕಡೆ ಬೆರಳೊತ್ತಿ, ಮೊದಲ ಸಲ ಸೊಸೆಯ ಮುಖ ನೋಡಿದರು. "ಇನ್ನೊಂದು ಕೇಳು ಅವಳನ್ನ. ಸೊಳ್ಳೆ ಕಾಲು ಕಂಡವಳಿಗೆ ನಟ್ಟಿನ ಮೂತಿ ಕಾಣ್ಲಿಲ್ವಂತಾ?"

ಅವಳು ಹಿಂದಿನ ಕೋಣೆಗೆ ಬಂದಳು. ಮುದುಕ ಕಲ್ಲೆಸೆದದ್ದು ಕತ್ತಲಲ್ಲಿ, ಬಿದ್ದದ್ದು ಮಾತ್ರ ಸರಿಯಾದ ಜಾಗಕ್ಕೆ. ಅಂದು ಮಾವ ಮಾಡಿದ ತಪ್ಪು ತಿಳಿಯದೆ ಮಾಡಿದ್ದು. ಎರಡು ಮಿಲಿಮೀಟರು ಅವರ ಕಣ್ಣಿಗೆ ಬಿದ್ದಿರಲಿಲ್ಲ. ತನ್ನ ಕಣ್ಣಿಗೆ ಎಲ್ಲವೂ ಬಿದ್ದಿತ್ತು. ಮೂರು ವರ್ಷದಿಂದ ತಾನು ಮಾವನನ್ನು ಯಾವ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳೋ ಆ ಮೆಟ್ಟಿಲೇ ಕಾಲಡಿಯಿಂದ ಜಾರಿದ ಹಾಗಾಯಿತು.

ಅಷ್ಟರಲ್ಲಿ ಫೋನ್ ಕಿಣಿಕಿಣಿ ಎಂದಿತು. ಹಳೇ ಜಪಾನೀ ಕಾರಿನ ಹುಚ್ಚರೆಲ್ಲ ಸೇರಿರುವ ಗುಂಪಿನಲ್ಲಿ ಯಾರೋ ನಗುಮುಖ ಹಾಕಿದ್ದರು. ಅದರ ಮೇಲೆ ಒಂದು ಫೋಟೋ. ಕೆಂಪು ಕಾರು, ಕಂಚಿನ ರಿಮ್ಮು. ನಿಜಕ್ಕೂ ಹೇಳಿ ಮಾಡಿಸಿದ ಹಾಗಿತ್ತು. ಕೆಳಗೆ ಅವನ ಬರಹ: "ಮಗು ಆಡಿಸೋ ಅಂಗಡೀಲಿ ತಗೊಂಡ ರಿಮ್ಮು. ನಕಲಿದ್ರೂ ಇರಬಹುದು. ನಟ್ಟು ಮಾತ್ರ ನಮ್ಮದೇ, ಒರಿಜಿನಲ್. ಇವತ್ತು ಮಗನ ಜೊತೆ ಮೊದಲ ಓಟ, ಬೆಟ್ಟದ ರಸ್ತೆ." ಕೆಳಗೆ ಹದಿನೆಂಟು ನಗುಮುಖಗಳು. ಅದರಲ್ಲಿ ಎರಡು ಅವಳೇ ರಿಮ್ಮು ಹುಡುಕಿಕೊಟ್ಟವರವು.

ಅವಳು ಎರಡು ಬೆರಳಿನಿಂದ ಫೋಟೋ ಹಿಗ್ಗಿಸಿದಳು. ಮೂತಿ ಒಳಗಿರುತ್ತದೆ, ಕಾಣುವುದಿಲ್ಲ. ತಲೆ ಕಾಣುತ್ತದೆ. ಬೆಳ್ಳಿ ಬಣ್ಣದ, ಮೊಂಡಾದ ಐದು ತಲೆಗಳು. ಹಿಂದಿನ ಗಾಜಿನಲ್ಲಿ ಹಳದಿ ಪಟ್ಟಿ, ಅದರ ಮೇಲೆ ಒಂದು ಪುಟ್ಟ ಟೋಪಿ. ಫೋಟೋ ಹಾಕಿದ್ದು ಅರ್ಧ ಗಂಟೆಯ ಹಿಂದೆ.

ಕಾರು ಓಡಿಸುವವನು ಸಂದೇಶ ಓದುವುದಿಲ್ಲ.

ಫೋನ್ ಮಾಡಿದಳು. ಕಟ್ ಮಾಡಿದ. ಮತ್ತೆ ಮಾಡಿದಳು. ಮತ್ತೆ ಕಟ್. ಮೂರನೆಯ ಸಲಕ್ಕೆ ಎತ್ತಿದ. ಹಿಂದೆ ಎಂಜಿನ್ನಿನ ಸದ್ದು, ಮಗುವಿನ ರಾಗ.

"ಏನಮ್ಮ? ಫೋಟೋ ನೋಡಿ ಉರೀತಾ?"

"ಸರ್, ಗಾಡಿ ಪಕ್ಕಕ್ಕೆ ಹಾಕಿ."

"ನಾನೇ ಫೋನ್ ಮಾಡಿ ಉಗೀಬೇಕು ಅಂತಿದ್ದೆ ನಿಂಗೆ. ಬೆಂಡ್ ಆಗಿರೋ ರಿಮ್ ಕೊಟ್ಟಿದ್ಯಲ್ಲ! ಸ್ಟೇರಿಂಗ್ ಗಡಗಡ ನಡುಗ್ತಿದೆ. ಹೊರಟಾಗ ಇರ್ಲಿಲ್ಲ, ಈಗ ಹತ್ತು ನಿಮಿಷದಿಂದ—"

"ರಿಮ್ ಬೆಂಡ್ ಆಗಿಲ್ಲ. ನಟ್ಟು ಸಡಿಲ ಆಗಿದೆ. ನಿಲ್ಸಿ ಸರ್. ಈಗಲೇ. ಬ್ರೇಕ್ ಜೋರಾಗಿ ಒತ್ಬೇಡಿ, ನಿಧಾನಕ್ಕೆ ಎಡಕ್ಕೆ ತಗೊಳ್ಳಿ."

"ನಾನೇ ಬಿಗಿದಿರೋದು! ಒರಿಜಿನಲ್ ನಟ್ಟು!"

"ಒರಿಜಿನಲ್ ಆಗಿರೋದೇ ತೊಂದ್ರೆ! ನಿಲ್ಸ್ರೀ ಗಾಡಿ!"

ಅಷ್ಟು ಗಟ್ಟಿಯಾಗಿ ಅವಳು ಆ ಅಂಗಡಿಯಲ್ಲಿ ಎಂದೂ ಕೂಗಿರಲಿಲ್ಲ. ಮಾವ ಒದ್ದೆ ಟ್ಯೂಬು ಹಿಡಿದುಕೊಂಡೇ ಬಾಗಿಲಿಗೆ ಬಂದರು. ಪುಟ್ಟಿಯ ತುಟಿ ನಡುಗಿತು. ಫೋನಿನಲ್ಲಿ ಎಂಜಿನ್ನು ತಗ್ಗಿತು, ಜಲ್ಲಿಕಲ್ಲು ಕರಕರ ಎಂದಿತು, ನಿಂತಿತು. ಬಾಗಿಲು ತೆರೆದ ಸದ್ದು.

"ಮುಂದಿನ ಚಕ್ರದ ನಟ್ಟು ಕೈಯಲ್ಲಿ ತಿರುಗಿಸಿ ನೋಡಿ. ಸ್ಪಾನರ್ ಬೇಡ, ಬೆರಳಲ್ಲೇ."

ಆ ಕಡೆಯ ಮಗು "ಅಪ್ಪಾ, ಇಳೀಲಾ?" ಎಂದು ಕೇಳುತ್ತಿತ್ತು.

"ಎರಡು..." ಅವನ ದನಿ ಬೇರೆಯಾಗಿತ್ತು. "ಎರಡು ಬೆರಳಲ್ಲೇ ತಿರುಗ್ತಿವೆ. ಮೂರನೇದೂ."

ಅವಳು ಗೋಡೆಗೆ ಒರಗಿಕೊಂಡು ಹೇಳಿದಳು. ಗುಂಡು ಮೂತಿ, ಇಳಿಜಾರು ಗುಳಿ, ಗೋಲಿ, ಲಾಳಿಕೆ. ಅವನು ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಕೇಳಿದ, ಸಣ್ಣ ದನಿಯಲ್ಲಿ, ಅದಕ್ಕೇ ಇನ್ನೂ ಭಯವಾಗುವ ಹಾಗೆ:

"ಇದು ನಿಂಗೆ ಅವತ್ತೇ ಗೊತ್ತಿತ್ತಾ?"

ಮಾವ ಬಾಗಿಲಲ್ಲಿ ನಿಂತು ತಲೆ ಅಲ್ಲಾಡಿಸುತ್ತಿದ್ದರು. ಇಲ್ಲ ಅನ್ನು, ಇಲ್ಲ ಅನ್ನು ಎಂದು ಕೈಸನ್ನೆ. ಮೂರು ವರ್ಷದಲ್ಲಿ ಮೊದಲ ಸಲ ಮಧ್ಯೆ ಗಡಿಯಾರವಿಲ್ಲದೆ, ಮಗುವಿಲ್ಲದೆ ಅವರು ಸೊಸೆಗೆ ಹೇಳುತ್ತಿದ್ದ ಮಾತು ಅದು.

ಅವಳು ಅವರಿಗೆ ಬೆನ್ನು ಹಾಕಿದಳು. "ಗೊತ್ತಿತ್ತು."

"ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ಯಾ?"

"ಹೌದು. ನೀವು ಹಾಗೆ ಅಂದ್ರಲ್ಲ, ಸಿಟ್ಟಿತ್ತು."

ಆಮೇಲೆ ಅವನು ಶುರುಮಾಡಿದ. ಅವಳ ಅಂಗಡಿ, ಅವಳ ಲಟ್ಟಣಿಗೆ, ಅವಳ ಹೆತ್ತವರು, ಒಂದನ್ನೂ ಬಿಡಲಿಲ್ಲ. ನಿನ್ನ ಮಗೂನ ಇಂಥ ಕಾರಲ್ಲಿ ಕೂರಿಸ್ತಿದ್ಯಾ ಎಂದು ಕೇಳಿದ. ಊರಿಗೆಲ್ಲ ಹೇಳ್ತೀನಿ, ನಿನ್ನ ಅಂಗಡಿ ಬಾಗಿಲು ಹಾಕಿಸ್ತೀನಿ ಎಂದ. ಅವಳು ಫೋನನ್ನು ಕಿವಿಯಿಂದ ದೂರ ಹಿಡಿಯಲಿಲ್ಲ. ಉಸಿರು ತೆಗೆದುಕೊಳ್ಳಲು ಅವನು ನಿಂತಾಗ ಹೇಳಿದಳು:

"ಬೈಯಿರಿ ಸರ್. ಆದ್ರೆ ಮೊದಲು ಮಗೂನ ಇಳಿಸಿ, ರಸ್ತೆಯಿಂದ ದೂರ ಕೂರಿಸಿ, ಆಮೇಲೆ ಬೈಯಿರಿ. ಕಾರನ್ನ ಒಂದು ಅಡಿನೂ ಓಡಿಸ್ಬೇಡಿ. ಚೂಪು ಮೂತಿ ನಟ್ಟು ನನ್ನ ಹತ್ರ ಇದೆ, ಆಟೋದಲ್ಲಿ ತರ್ತೀನಿ. ಎಷ್ಟನೇ ಕಿಲೋಮೀಟರ್ ಕಲ್ಲಿನ ಹತ್ರ ಇದೀರ?"

"ನಿನ್ನ ಮುಖ ತೋರಿಸ್ಬೇಡ ನಂಗೆ."

"ಮುಖ ನೋಡ್ಬೇಡಿ, ನಟ್ಟು ಇಸ್ಕೊಳ್ಳಿ. ಕಲ್ಲಿನ ನಂಬರ್ ಹೇಳಿ."

"ಪುಟ್ಟೀ, ನಿಮ್ಮಮ್ಮನಿಗೆ ತಲೆ ಕೆಟ್ಟಿದೆ ಅಂತ ಹೇಳು" ಎಂದರು ಮಾವ ಹಿಂದಿನಿಂದ.

"ಹೇಳು!" ಎಂದಳು ಪುಟ್ಟಿ, ಅಳುತ್ತಲೇ.

"ನಂಬರ್ ಹೇಳಿ ಸರ್" ಎಂದಳು ಅವಳು, ತಗಡಿನ ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡು.

ಅವನು ಇನ್ನೊಂದು ಸಲ ಬೈದ. ಕಾರಿನ ಬಾಗಿಲು ತೆಗೆದು ಮಗುವಿಗೆ ಇಳಿ ಎಂದ. ಮತ್ತೆ ಫೋನಿಗೆ ಬಂದು, ಹಲ್ಲು ಕಚ್ಚಿಕೊಂಡು, "ಮೂವತ್ತೇಳು" ಎಂದ.